ತಂಪಣ್ಣನ ಸ್ವಂತ ಫ್ರಿಜ್ಜು

ತಂಪಣ್ಣನ ನಡುಬೆರಳಿನ ಬಗ್ಗೆ ಊರಿನಲ್ಲಿ ಓಡಾಡುವ ಕಥೆಗಳನ್ನೆಲ್ಲ ನಂಬಬೇಕೆಂದೇನಿಲ್ಲ. ಅರ್ಧ ನಂಬಿದರೂ ಸಾಕು, ಕೂತವರು ಎದ್ದು ನಿಲ್ಲುತ್ತಾರೆ.

ತಂಪಣ್ಣ ಫ್ರಿಜ್ಜು ರಿಪೇರಿ ಮಾಡುವವನು. ಕೆಟ್ಟ ಫ್ರಿಜ್ಜಿನ ಮುಂದೆ ನಿಂತರೆ ಬೇರೆ ಮೆಕ್ಯಾನಿಕ್ಕುಗಳ ಹಾಗೆ ಅವಸರದಿಂದ ಸ್ಕ್ರೂಡ್ರೈವರ್ ಹೊರತೆಗೆಯುವ ಜಾಯಮಾನ ಅವನದಲ್ಲ. ಮೊದಲು ಕಣ್ಣು ಮುಚ್ಚುತ್ತಾನೆ. ಬಲಗೈಯ ನಡುಬೆರಳನ್ನು ಮಡಿಸಿ, ಅದರ ಗೆಣ್ಣಿನಿಂದ ಫ್ರಿಜ್ಜಿನ ಪಕ್ಕೆಗೆ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಾನೆ. ಮೂರನೆಯ ಸಲ ಬಡಿದದ್ದನ್ನು ಕಂಡವರಿಲ್ಲ. ಆಮೇಲೆ ಕಿವಿಯಿಟ್ಟು ಕೇಳಿ, "ಗ್ಯಾಸು ಹೋಗಿದೆ" ಎಂದೋ "ಕಂಪ್ರೆಸರ್ ಸುಸ್ತಾಗಿದೆ" ಎಂದೋ ತೀರ್ಪು ಕೊಡುತ್ತಾನೆ. ಇಷ್ಟೇ ಸಂಗತಿ. ಆದರೆ ಊರೆಂದಮೇಲೆ ಇಷ್ಟಕ್ಕೇ ನಿಲ್ಲುತ್ತದೆಯೇ? ತಂಪಣ್ಣ ಇನ್ನೂ ಹೊರಗೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದಾಗಲೇ ತನ್ನ ಫ್ರಿಜ್ಜು ಗುರ್ರೆಂದು ಓಡತೊಡಗಿತೆಂದು ಐಸ್‌ಕ್ರೀಮ್ ಅಂಗಡಿಯಾಕೆ ಆಣೆ ಮಾಡಿ ಹೇಳುತ್ತಾಳೆ. ಬೇಕರಿಯವನಂತೂ ಅಷ್ಟಕ್ಕೂ ಕಾಯಲಿಲ್ಲವಂತೆ. "ತಂಪಣ್ಣನನ್ನ ಕರೀತೀನಿ ನೋಡು" ಎಂದು ಫ್ರಿಜ್ಜಿಗೆ ಕೇಳುವಂತೆ ಗದರಿಸಿದನಂತೆ, ಅದು ತೆಪ್ಪಗೆ ಸರಿಹೋಯಿತಂತೆ. ಆಸ್ಪತ್ರೆಯ ಫ್ರಿಜ್ಜು ನೋಡಲು ಹೋಗಿದ್ದಾಗ ಕೆಮ್ಮುತ್ತಿದ್ದ ಮುದುಕರೊಬ್ಬರು ತಮ್ಮ ಎದೆಯನ್ನೂ ಒಮ್ಮೆ ಬಡಿದು ನೋಡಲು ಕೇಳಿಕೊಂಡರೆಂಬ ವದಂತಿಯೂ ಇದೆ. (ತಂಪಣ್ಣ, "ಗ್ಯಾರಂಟಿ ಕಾರ್ಡ್ ಇದೆಯಾ?" ಎಂದು ಕೇಳಿದನಂತೆ.)

ಇಂಥ ಶೈತ್ಯಸಾಮ್ರಾಟನ ಬಗ್ಗೆ ಊರಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು. ಅದು ಗೊತ್ತಿದ್ದದ್ದು ಅವನ ಹೆಂಡತಿಗೆ, ತಾಯಿಗೆ ಮತ್ತು ಹೈಸ್ಕೂಲಿಗೆ ಹೋಗುವ ಮಗಳಿಗೆ ಮಾತ್ರ. ತಂಪಣ್ಣನ ಮನೆಯ ಫ್ರಿಜ್ಜು ಸತ್ತು ಮೂರು ವರ್ಷವಾಗಿತ್ತು.

ಸತ್ತದ್ದೂ ವೀರಮರಣವೇ ಅನ್ನಿ. ಒಂದು ಸುಡುಸುಡು ಮಧ್ಯಾಹ್ನ ಔಷಧಿ ಅಂಗಡಿಯ ಫ್ರಿಜ್ಜು ಕೈಕೊಟ್ಟಿತು. ಒಳಗೆ ಮಕ್ಕಳಿಗೆ ಹಾಕುವ ಲಸಿಕೆ. ಹೊಸ ಕಂಪ್ರೆಸರ್ ಬರಲು ಎರಡು ದಿನ ಬೇಕು. ತಂಪಣ್ಣ ಹಿಂದೆಮುಂದೆ ನೋಡದೆ ಮನೆಗೆ ಓಡಿ, ತನ್ನ ಫ್ರಿಜ್ಜಿನ ಕಂಪ್ರೆಸರನ್ನೇ ಬಿಚ್ಚಿ ತಂದು ಅಲ್ಲಿ ಕೂರಿಸಿದ. "ಎರಡೇ ದಿನ ಕಣೇ" ಎಂದು ಹೆಂಡತಿಗೆ ಹೇಳಿದ. ಎರಡು ದಿನವಾದ ಮೇಲೆ ಹೊಸ ಕಂಪ್ರೆಸರ್ ಬಂತು. ಅದರ ಮೇಲೆ ಸೀಮೆಸುಣ್ಣದಲ್ಲಿ 'ಮನೆಗೆ' ಎಂದು ಬರೆದು ತನ್ನ ಅಂಗಡಿಯ ಕಪಾಟಿನಲ್ಲಿಟ್ಟ. ಅಷ್ಟರಲ್ಲಿ ಯಾರೋ ಅಳುತ್ತಾ ಬಂದರು, ಅದು ಅವರ ಮನೆಗೆ ಹೋಯಿತು. ಆಮೇಲೆ ಇನ್ನೊಂದು ಬಂತು, ಅದರ ಮೇಲೂ 'ಮನೆಗೆ' ಎಂದು ಬರೆದ, ಅದೂ ಹೋಯಿತು. ಹೀಗೆ ಮೂರು ವರ್ಷದಲ್ಲಿ ಹನ್ನೊಂದು ಕಂಪ್ರೆಸರ್‌ಗಳು ಮನೆಗೆ ಹೋದವು, ತಂಪಣ್ಣನದೊಂದು ಬಿಟ್ಟು.

ಅವನ ಹೆಂಡತಿ ಟೈಲರ್. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಕೊರಳಲ್ಲಿ ಸದಾ ಅಳತೆಪಟ್ಟಿ. ಒಂದು ವಾರ ಕಾದಳು. ಎಂಟನೆಯ ದಿನ ಫ್ರಿಜ್ಜನ್ನು ಒರೆಸಿ ಒಣಗಿಸಿ, ತರಕಾರಿ ಡಬ್ಬದಲ್ಲಿ ಲೈನಿಂಗ್ ಬಟ್ಟೆ, ಬಾಗಿಲಿನ ಅರೆಗಳಲ್ಲಿ ದಾರದ ಉಂಡೆ, ಮೊಟ್ಟೆಯ ಗುಳಿಗಳಲ್ಲಿ ಬಣ್ಣವಾರು ಗುಂಡಿಗಳು, ಮೇಲಿನ ಐಸ್ ಖಾನೆಯಲ್ಲಿ ಗಿರಾಕಿಗಳ ಅರ್ಧ ಹೊಲಿದ ರವಿಕೆಗಳು, ಹೀಗೆ ಜೋಡಿಸಿಬಿಟ್ಟಳು. "ಇಲಿ ಬರಲ್ಲ, ಧೂಳು ಬರಲ್ಲ, ಕರೆಂಟೂ ಬೇಡ. ಇಷ್ಟು ಒಳ್ಳೆ ಬೀರು ಯಾರ ಮನೇಲಿದೆ ಹೇಳಿ?" ಎಂದಳು. ಬಂದವರು ತಣ್ಣೀರು ಕೇಳಿದರೆ ತಂಪಣ್ಣ ಗಂಭೀರವಾಗಿ, "ತಣ್ಣೀರು ಗಂಟಲಿಗೆ ಒಳ್ಳೇದಲ್ಲ" ಎನ್ನುತ್ತಿದ್ದ. ಫ್ರಿಜ್ಜಿನವನೇ ಹೀಗೆಂದಮೇಲೆ ಯಾರು ಎದುರಾಡುತ್ತಾರೆ?

ಫ್ರಿಜ್ಜಿಲ್ಲದ ಮನೆಯಲ್ಲಿ ಅಡುಗೆ ಹೇಗೆ ನಡೆಯುತ್ತಿತ್ತು? ಬಟ್ಟೆ ಹೊಲಿಯುವ ಹಾಗೆ ನಡೆಯುತ್ತಿತ್ತು. ಹೆಂಡತಿ ಬೆಳಿಗ್ಗೆ ಒಬ್ಬೊಬ್ಬರನ್ನೂ ನಿಲ್ಲಿಸಿ ಹಸಿವಿನ ಅಳತೆ ತೆಗೆದುಕೊಳ್ಳುತ್ತಿದ್ದಳು.

"ಅತ್ತೆ, ಮಧ್ಯಾಹ್ನಕ್ಕೆ ಎಷ್ಟು?"

"ಒಂದೂಕಾಲು ಸೌಟು. ನಿನ್ನೆ ಒಂದೂವರೆ ಹಾಕಿ ಹೊಟ್ಟೆ ಬಿಗಿ ಆಯ್ತು ಕಣಮ್ಮ."

"ಸರಿ, ಕಾಲು ಒಳಗೆ ಹಿಡೀತೀನಿ. ನಿನಗೇನೇ?"

"ನನಗೆ ಇವತ್ತು ಲೆಕ್ಕದ ಪರೀಕ್ಷೆ. ಎರಡು."

"ರೀ, ನಿಮಗೆ?"

"ನೋಡೋಣ ಬಿಡು, ಆಗ ಹಸಿವು ಹೇಗಿರುತ್ತೋ..."

"ನೋಡೋಣ ಅಂದ್ರೆ ಎಷ್ಟು ಇಂಚು? ಸರಿಯಾಗಿ ಹೇಳಿ."

ಆ ದಿನದ ತರಕಾರಿ ಆ ದಿನವೇ, ಬೀದಿಯ ಕೊನೆಯ ತೋಟದವಳಿಂದ. ಬಟ್ಟೆ ಕತ್ತರಿಸಿದಾಗ ಉಳಿದ ತುಂಡು ಜೇಬಾಗುವಂತೆ, ಕೋಸಿನ ದಂಟು ಸೂಪಾಗುತ್ತಿತ್ತು, ಒಣಗಿದ ಬ್ರೆಡ್ಡು ಪುಡಿಯಾಗಿ ಆಲೂಗಡ್ಡೆಯ ಮೇಲೆ ಕೂರುತ್ತಿತ್ತು. ಮಾಂಸ ಇಡಲು ಜಾಗವಿಲ್ಲದ್ದರಿಂದ ಎಲ್ಲರೂ ಮನೆಯಲ್ಲಿರುವ, ಎಲ್ಲರಿಗೂ ಹಸಿವಿರುವ ದಿನ ಮಾತ್ರ ತರುವುದು. ಅಂಥ ದಿನ ತಿಂಗಳಿಗೊಂದು ಬಂದರೆ ಹೆಚ್ಚು.

ಹೀಗಿರುವಾಗ ಆ ಬೀದಿಗೆ ನಗರಸಭೆಯಿಂದ ಒಬ್ಬ ಅಧಿಕಾರಿಣಿ ಬಂದಳು. ಕೈಯಲ್ಲಿ ನೇತುಹಾಕುವ ತಕ್ಕಡಿ, ಕಂಕುಳಲ್ಲಿ ಫೈಲು. ಮೊದಲ ದಿನವೇ ಬೀದಿಯವರು ಆಕೆಗೆ 'ತೂಕದ ಮೇಡಂ' ಎಂದು ಹೆಸರಿಟ್ಟರು. ಭೂಮಿ ಬಿಸಿಯಾಗುತ್ತಿರುವುದಕ್ಕೂ ನಮ್ಮ ತಟ್ಟೆಗೂ ನೇರ ಸಂಬಂಧವಿದೆ ಎಂದು ಆಕೆ ಗೇಟುಗೇಟಿಗೆ ನಿಂತು ವಿವರಿಸಿದಳು. ಬಿಸಾಡಿದ ಊಟ ಕಸದ ಗುಡ್ಡೆಯಡಿ ಕೊಳೆತು ಕೆಟ್ಟ ಗಾಳಿ ಬಿಡುತ್ತದೆ, ಅದು ಆಕಾಶಕ್ಕೆ ಕಂಬಳಿ ಹೊದಿಸುತ್ತದೆ. ಬೆಳೆಯಲು ಸುರಿದ ನೀರು, ಸಾಗಿಸಲು ಸುಟ್ಟ ಡೀಸೆಲ್ಲು ಎಲ್ಲವೂ ಅದರ ಜೊತೆಗೇ ಕಸದ ಬುಟ್ಟಿಗೆ. ಅದಕ್ಕೇ ನಾಲ್ಕು ಶನಿವಾರ ಮನೆಮನೆಯ ಊಟದ ಕಸ ತೂಗಲಾಗುವುದು, ಏನು ತಿಂದಿರೆಂದು ಬರೆದುಕೊಳ್ಳಲಾಗುವುದು. ನೆಂಟರು ಬಂದ ವಾರಕ್ಕೆ ವಿನಾಯಿತಿ. ಕೊನೆಯಲ್ಲಿ ಗೆದ್ದ ಮನೆಯ ಗೇಟಿಗೆ ನಗರಸಭೆಯ ಹಸಿರು ಫಲಕ: 'ಭೂಮಿಗೆ ತಂಪೆರೆದ ಮನೆ.'

ಆ ಮಾತು ಕೇಳಿ ತಂಪಣ್ಣನ ರೋಮ ನಿಮಿರಿತು. ಇಡೀ ಜೀವನ ಬರೀ ಪೆಟ್ಟಿಗೆಗಳನ್ನು ತಣ್ಣಗೆ ಮಾಡಿದವನಿಗೆ ಭೂಮಂಡಲವನ್ನೇ ತಣ್ಣಗೆ ಮಾಡುವ ಕೆಲಸ ಬಂದಿದೆ! ಫಲಕ ಬೇರೆಯವರ ಗೇಟಿಗೆ ಹೋದರೆ ತನ್ನ ಹೆಸರಿಗೇನು ಅರ್ಥ?

ಮೊದಲ ಶನಿವಾರ ತಂಪಣ್ಣನ ಮನೆಯ ಬುಟ್ಟಿ ತೂಗಿದ ಮೇಡಂ ತಕ್ಕಡಿಯನ್ನು ಕುಲುಕಿದಳು. ಮತ್ತೆ ತೂಗಿದಳು. ನಂಬದೆ ತನ್ನ ಚಪ್ಪಲಿ ಬಿಚ್ಚಿ ತೂಗಿ ನೋಡಿದಳು. ತಕ್ಕಡಿ ಸರಿಯಾಗಿಯೇ ಇತ್ತು. ಇಡೀ ವಾರದ ಕಸ ನೂರಾ ತೊಂಬತ್ತು ಗ್ರಾಂ. ಒಂದಿಷ್ಟು ಈರುಳ್ಳಿ ಸಿಪ್ಪೆ, ಮೊಟ್ಟೆಯ ಓಡು.

"ಊರಿಗೆ ಹೋಗಿದ್ರಾ ಸರ್?"

"ಇಲ್ಲ ಮೇಡಂ. ಮೂರು ಹೊತ್ತೂ ಇಲ್ಲೇ ತಿಂದಿದ್ದೀವಿ," ಎಂದ ತಂಪಣ್ಣ, ಮೀಸೆಯ ತುದಿ ಹುಡುಕುತ್ತಾ. (ಮೀಸೆ ಬೋಳಿಸಿ ಆರು ವರ್ಷವಾಗಿತ್ತು. ಅಭ್ಯಾಸ ಹೋಗಿರಲಿಲ್ಲ.)

ಎರಡನೆಯ ಶನಿವಾರ ನೂರಾ ಅರವತ್ತು. ಮೂರನೆಯದಕ್ಕೆ ನೂರಾ ನಲವತ್ತು. ಎದುರುಮನೆಯ ಬ್ಯಾಂಕ್ ಮ್ಯಾನೇಜರ್ ಮನೆಯದು ಐದು ಕಿಲೋ. ಸುದ್ದಿ ಬೀದಿಯಿಂದ ಬೀದಿಗೆ ಹರಿಯಿತು. ತಂಪಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲದಾಯಿತು. ಗಿರಾಕಿಗಳ ಫ್ರಿಜ್ಜು ರಿಪೇರಿಗೆ ಹೋದರೆ ಈಗ ಟಕ್ ಟಕ್ ಜೊತೆಗೆ ಉಪದೇಶವೂ ಉಚಿತ. ಹಿಂದೆ ಅಡಗಿರುವ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದು ಮೊದಲು ಏನಾಗಿತ್ತು ಅಮ್ಮಾ?" ಎಂದು ಕೇಳುವನು. "ನಿಮ್ಮ ಫ್ರಿಜ್ಜು ಊಟ ಕಾಪಾಡ್ತಿಲ್ಲ, ಕಸ ಕಾಪಾಡ್ತಿದೆ" ಎನ್ನುವನು. ಗೃಹಿಣಿಯರು ತಲೆ ತಗ್ಗಿಸುವರು. ಫಲಕ ಬಂದಮೇಲೆ ತಡವಾಗಬಾರದೆಂದು ಗೇಟಿನ ಕಂಬಕ್ಕೆ ಎರಡು ಸ್ಕ್ರೂ ತೂತುಗಳನ್ನೂ ಕೊರೆದಿಟ್ಟ.

"ಎಲ್ಲ ನಮ್ಮ ಶಿಸ್ತು ಕಣೇ," ಎಂದ ಒಂದು ದಿನ ಊಟಕ್ಕೆ ಕೂತು.

"ನಮ್ಮದಾ?" ಎಂದಳು ಹೆಂಡತಿ, ದಾರ ಕಡಿಯುತ್ತಾ. "ಒಂದು ದಿನ ನೆಟ್ಟಗೆ ಅಳತೆ ಕೊಟ್ಟಿದ್ದೀರಾ ನೀವು?"

"ಮನೆ ಯಜಮಾನ ಅಂದ್ರೆ ಒಂದು ಪ್ರೇರಣೆ ಇದ್ದಹಾಗೆ."

"ಪ್ರೇರಣೆಗೆ ಇನ್ನೊಂದು ಸೌಟು ಬೇಕಾ? ಇಲ್ಲ, ಮುಗೀತು."

ಮೂರನೆಯ ಶನಿವಾರ ಹೊರಡುವಾಗ ತೂಕದ ಮೇಡಂ ಒಂದು ಮಾತು ಹೇಳಿದಳು. "ಮುಂದಿನ ವಾರ ಕೊನೇದು ಸರ್. ಅಡುಗೆಮನೆ ನೋಡ್ತೀವಿ, ಫ್ರಿಜ್ಜಿನ ಬಾಗಿಲು ತೆಗೆಸಿ ಫೋಟೋ ತೆಗೀತೀವಿ. ಅದರಲ್ಲೂ ನಿಮ್ಮದು! ಫ್ರಿಜ್ಜಿನ ಎಕ್ಸ್‌ಪರ್ಟ್ ಮನೆ ಫ್ರಿಜ್ಜು ಹೇಗಿರುತ್ತೆ ಅಂತ ಊರೇ ಕಾಯ್ತಿದೆ."

ಆಕೆ ಹೋದದ್ದೇ ತಂಪಣ್ಣ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ. ಮೊಟ್ಟೆಯ ಗುಳಿಗಳಲ್ಲಿ ಗುಂಡಿಗಳು, ಐಸ್ ಖಾನೆಯಲ್ಲಿ ರವಿಕೆ, ಇದು ಫೋಟೋ ಆಗಿ ನಗರಸಭೆಯ ಗೋಡೆಗೆ ಬಿದ್ದರೆ? ಇಪ್ಪತ್ತು ವರ್ಷ ಟಕ್ ಟಕ್ ಎಂದು ಕಟ್ಟಿದ ಹೆಸರು ಒಂದೇ ಕ್ಲಿಕ್ಕಿಗೆ ಮಣ್ಣುಪಾಲು.

"ರಿಪೇರಿ ಮಾಡ್ಬಿಡ್ತೀನಿ," ಎಂದ.

ಮೂರು ವರ್ಷದ ಹಿಂದೆ ಕಾದು ಕೂತಿದ್ದ ಮಾತು ಈಗ ಕೇಳಿಸಿಯೂ ಯಾರಿಗೂ ಖುಷಿಯಾಗಲಿಲ್ಲ.

"ನನ್ನ ಗುಂಡಿ ಎಲ್ಲಿಡಲಿ?" ಎಂದಳು ಹೆಂಡತಿ. "ಈಗಷ್ಟೇ ಬಣ್ಣವಾರು ಜೋಡಿಸಿದ್ದೆ."

"ಲೋ, ಚೆನ್ನಾಗಿ ಓಡ್ತಿರೋ ಮನೇನ ಯಾಕೆ ಬಿಚ್ಚಿ ನೋಡ್ತೀಯ?" ಎಂದಳು ತಾಯಿ.

"ಅಮ್ಮಾ, ನನ್ನ ಮರ್ಯಾದೆ ಪ್ರಶ್ನೆ!"

ಭಾನುವಾರ ಮಧ್ಯಾಹ್ನ ಹನ್ನೆರಡನೆಯ ಕಂಪ್ರೆಸರ್ ಕೊನೆಗೂ ಸರಿಯಾದ ಮನೆಗೆ ಬಂತು. ಬೆಸುಗೆಯಾಯಿತು, ಗ್ಯಾಸು ತುಂಬಿತು. ತಂಪಣ್ಣ ಕಣ್ಣು ಮುಚ್ಚಿ ಟಕ್ ಟಕ್ ಎಂದ. ಮೂರು ವರ್ಷದ ಹೆಣ ಒಮ್ಮೆ ನಡುಗಿ, ಗೊರಗೊರ ಎಂದು ಉಸಿರೆಳೆದು, ಆಮೇಲೆ ಸದ್ದಿಲ್ಲದೆ ಓಡತೊಡಗಿತು. ಒಳಗೆ ದೀಪ ಹತ್ತಿತು. ತಾಯಿ ಕೂಡ ಬಾಯಿ ತೆರೆದು ನೋಡಿದಳು. ಹೊಸದಕ್ಕೂ ಇಲ್ಲದ ತಂಪು. ತಂಪಣ್ಣನ ಜೀವಮಾನದ ಅತ್ಯುತ್ತಮ ರಿಪೇರಿ ಅದು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಆದರೆ ಖಾಲಿ ಫ್ರಿಜ್ಜಿನ ಫೋಟೋ ಚೆನ್ನಾಗಿರುತ್ತದೆಯೇ? ತಂಪಣ್ಣ ಚೀಲ ಹಿಡಿದು ದೊಡ್ಡ ಅಂಗಡಿಗೆ ಹೋದ. ಎರಡು ಕಿಲೋ ಮಾಂಸ, ದೊಡ್ಡ ಡಬ್ಬ ಮೊಸರು, ಒಂದು ಹೊರೆ ಸೊಪ್ಪು, ಮೂರು ಬಗೆಯ ಚೀಸು, ಫೋಟೋದಲ್ಲಿ ಕೆಂಪಗೆ ಕಾಣಲೆಂದು ಒಂದು ಪೆಟ್ಟಿಗೆ ಸ್ಟ್ರಾಬೆರಿ.

ಮಗಳು ಪೆಟ್ಟಿಗೆ ತಿರುಗಿಸಿ ಓದಿದಳು. "ಅಪ್ಪಾ, ಈ ಹಣ್ಣು ವಿಮಾನದಲ್ಲಿ ಬಂದಿದೆ. ನೀನೇ ಇನ್ನೂ ವಿಮಾನ ಹತ್ತಿಲ್ಲ."

"ಒಂದು ಸಲಕ್ಕೆ ಏನಾಗಲ್ಲ ಬಿಡೇ."

"ಅದನ್ನೇ ಎಲ್ಲರೂ ಹೇಳೋದಂತೆ. ತೂಕದ ಮೇಡಂ ಹೇಳಿದ್ರು."

ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಏನೆಂದು ವರ್ಣಿಸಲಿ! ಫ್ರಿಜ್ಜು ಎಂಬುದು ತಂಪು ಮಾಡುವ ಯಂತ್ರವೆಂದು ತಿಳಿದವರು ಅರ್ಧ ಮಾತ್ರ ತಿಳಿದವರು. ಅದು ನಾಳೆಗೆ ತಳ್ಳುವ ಯಂತ್ರ. ಸೋಮವಾರ ತಾಯಿ ಮೊದಲ ಬಾರಿಗೆ ಅರ್ಧ ಸೌಟು ಬಿಟ್ಟು, "ಫ್ರಿಜ್ಜಲ್ಲಿಡು, ನಾಳೆ ತಿಂತೀನಿ" ಎಂದಳು. ಮಗಳು ತನ್ನದನ್ನೂ ಒಂದು ಬಟ್ಟಲಿಗೆ ಹಾಕಿ ಇಟ್ಟಳು. ಮಂಗಳವಾರ ಹೆಂಡತಿ ಅಳತೆ ಕೇಳುವುದನ್ನೇ ಬಿಟ್ಟಳು. ಯಾರು ಎಷ್ಟು ತಿಂದರೇನು, ಉಳಿದದ್ದು ಒಳಗೆ ಹೋಗುತ್ತದಲ್ಲ? "ಇವತ್ತು ಎರಡು ದಿನದ್ದು ಒಟ್ಟಿಗೇ ಬೇಯಿಸಿಬಿಟ್ಟೆ ಕಣ್ರೀ, ಮದುವೆ ಸೀಸನ್ನು, ರವಿಕೆಗಳು ರಾಶಿ ಬಿದ್ದಿವೆ" ಎಂದಳು. ಬುಧವಾರ ಅದನ್ನು ಯಾರೂ ಮುಟ್ಟಲಿಲ್ಲ, ಏಕೆಂದರೆ ಐಸ್ ಖಾನೆಯ ಮಾಂಸವನ್ನು ಹೊರತೆಗೆದು ಕರಗಿಸಿಯಾಗಿತ್ತು. ಮಾಂಸವೂ ಮುಗಿಯಲಿಲ್ಲ, ಏಕೆಂದರೆ ನಾಲ್ವರಿಗೆ ಎರಡು ಕಿಲೋ ತಿನ್ನುವಷ್ಟು ಹಲ್ಲಿರಲಿಲ್ಲ. (ತಾಯಿಗಂತೂ ಒಟ್ಟು ಏಳು.) ಬಟ್ಟಲುಗಳ ಹಿಂದೆ ಬಟ್ಟಲುಗಳು ನಿಂತವು. ಸೊಪ್ಪು ಹಿಂದಿನ ಸಾಲಿಗೆ ಸರಿದು ಕಪ್ಪಗೆ ಕರಗಿತು. ವಿಮಾನದಲ್ಲಿ ಬಂದ ಸ್ಟ್ರಾಬೆರಿ ಬೂದಿ ಬಣ್ಣದ ಸ್ವೆಟರ್ ತೊಟ್ಟುಕೊಂಡಿತು.

ಶುಕ್ರವಾರ ಸಂಜೆ, ಮರುದಿನದ ಫೋಟೋಗೆ ಸಿಂಗಾರ ಮಾಡಲೆಂದು ತಂಪಣ್ಣ ಬಾಗಿಲು ತೆಗೆದು ಒಂದು ಬಟ್ಟಲನ್ನು ಎತ್ತಿ ಹಿಡಿದ.

"ಇದು ಮೊದಲು ಏನಾಗಿತ್ತೇ?" ಎಂದ. ಆ ಮಾತನ್ನು ಎಲ್ಲೋ ಕೇಳಿದ್ದೇನಲ್ಲಾ ಎನಿಸಿ ನಾಲಗೆ ಕಚ್ಚಿಕೊಂಡ.

ಒಳಗೆ ಇಟ್ಟರೆ ಫೋಟೋ ಕೆಡುತ್ತದೆ, ಹೊರಗೆ ಹಾಕಿದರೆ ತೂಕ ಕೆಡುತ್ತದೆ. ತಿಂದೇ ಮುಗಿಸುತ್ತೇನೆಂದು ಸೊಂಟ ಕಟ್ಟಿ ಕೂತ. ಸೋಮವಾರದ ಬಟ್ಟಲು ಹೇಗೋ ಇಳಿಯಿತು. ಮಂಗಳವಾರದ್ದರ ಅರ್ಧಕ್ಕೆ ಕಣ್ಣು ಮೇಲಾಯಿತು. ಬುಧವಾರದ ವಾಸನೆಗೇ ಎದ್ದು ಓಡಿದ.

"ಸಾಕು ಬನ್ನಿ," ಎಂದಳು ಹೆಂಡತಿ. ಬಟ್ಟಲುಗಳನ್ನೆಲ್ಲ ಒಂದೊಂದಾಗಿ ಬುಟ್ಟಿಗೆ ಸುರಿದಳು. ಆಮೇಲೆ ಕೊರಳಿನ ಅಳತೆಪಟ್ಟಿಯನ್ನು ತೆಗೆದು ಕೈಗೆ ಸುತ್ತಿಕೊಳ್ಳುತ್ತಾ ಮೆಲ್ಲಗೆ, "ಫಲಕ ಹೋದ್ರೆ ಹೋಗ್ಲಿ ರೀ. ನಾಳೆ ಊರೆಲ್ಲ ಅಂದ್ಕೊಳ್ಳೋದು, ಟೈಲರಮ್ಮನಿಗೆ ಅಳತೆ ತಪ್ಪಿತು ಅಂತ" ಎಂದಳು. ಅಷ್ಟೇ. ಬೇರೆ ದಿನವಾಗಿದ್ದರೆ ಅವಳು ಕೂಗಾಡುತ್ತಿದ್ದಳು, ತಂಪಣ್ಣನೂ ಕೂಗಾಡಿ ನೆಮ್ಮದಿಯಾಗಿರುತ್ತಿದ್ದ. ಕೂಗಾಡದ ಹೆಂಡತಿಯ ಮುಂದೆ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ತೂಕದ ಮೇಡಂ ಬಂದಾಗ ಜೊತೆಗೆ ಊರೂ ಬಂತು. ಐಸ್‌ಕ್ರೀಮ್ ಅಂಗಡಿಯಾಕೆ, ಬೇಕರಿಯವನು, ಔಷಧಿ ಅಂಗಡಿಯವನು, ಎದುರುಮನೆಯ ಬ್ಯಾಂಕ್ ಮ್ಯಾನೇಜರ್, ಎಲ್ಲರೂ ಅಡುಗೆಮನೆಯ ಬಾಗಿಲಲ್ಲಿ ಕತ್ತು ಚಾಚಿ ನಿಂತರು. ಮೇಡಂ ಕೈಯಲ್ಲಿ ಹಸಿರು ಫಲಕ ಕಾಗದದಲ್ಲಿ ಸುತ್ತಿಕೊಂಡು ಬಂದಿತ್ತು.

ಮೊದಲು ಫ್ರಿಜ್ಜು. ಬಾಗಿಲು ತೆಗೆದರೆ ಬೆಳ್ಳಗೆ ಬೆಳಗುವ ಅರೆಗಳು, ಮಂಜಿನ ಹೊಗೆ. "ಆಹಾ, ಎಂಥ ಫ್ರಿಜ್ಜು! ಶಬ್ದವೇ ಇಲ್ಲ!" ಎಂದು ಮೇಡಂ ಮೂರು ಫೋಟೋ ತೆಗೆದಳು. "ಮತ್ತೆ ಯಾರ ಮನೇದು ಅಂದ್ಕೊಂಡ್ರಿ?" ಎಂದ ಬೇಕರಿಯವನು. ತಂಪಣ್ಣನ ಕೈ ಇಲ್ಲದ ಮೀಸೆಗೆ ಹೋಯಿತು.

ಆಮೇಲೆ ಬುಟ್ಟಿ. ತಕ್ಕಡಿಯ ಮುಳ್ಳು ಜರ್ರನೆ ಇಳಿಯಿತು. ಮೇಡಂ ಕುಲುಕಿದಳು. ಚಪ್ಪಲಿ ಬಿಚ್ಚಿ ತೂಗಿದಳು. ತಕ್ಕಡಿ ಸರಿಯಾಗಿಯೇ ಇತ್ತು.

"ನಾಲ್ಕು ಕಿಲೋ ಎಂಟುನೂರು," ಎಂದಳು. ಬ್ಯಾಂಕ್ ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು; ಅವರ ಮನೆಯದು ಆ ವಾರ ನಾಲ್ಕೂವರೆಗೆ ಇಳಿದಿತ್ತು.

ಎಲ್ಲರ ಕಣ್ಣೂ ಅಡುಗೆ ಮಾಡಿದವಳ ಮೇಲೆ ಬಿತ್ತು. ಹೆಂಡತಿ ನೆಲ ನೋಡುತ್ತಿದ್ದಳು.

ತಾಯಿ ಮುಂದೆ ಬಂದಳು. "ನೆಂಟರು ಬಂದಿದ್ರು ಕಣಮ್ಮ. ಒಂದು ಬಸ್ಸು ನೆಂಟರು."

ಮೇಡಂ ಮುಖ ಅರಳಿತು. "ಹಾಗೆ ಹೇಳಿ ಮತ್ತೆ! ನೆಂಟರ ವಾರಕ್ಕೆ ವಿನಾಯಿತಿ ಇದೆ. ಮೂರು ವಾರದ್ದೇ ತಗೋಬಹುದು." ಫಲಕದ ಕಾಗದ ಬಿಚ್ಚತೊಡಗಿದಳು.

ತಂಪಣ್ಣನ ಎದೆ ಹಗುರಾಯಿತು. ಫಲಕಕ್ಕೆ ಫಲಕ, ಹೆಸರಿಗೆ ಹೆಸರು, ಎರಡೂ ಕೈಯಳತೆಯಲ್ಲಿ! ಗೇಟಿನ ತೂತುಗಳು ಕಣ್ಣ ಮುಂದೆ ಬಂದವು. ಆಗ ಹೆಂಡತಿ ತಲೆಯೆತ್ತಿದಳು.

"ಯಾವ ನೆಂಟರು?" ಎಂದಳು. "ಮೇಡಂ, ನಮ್ಮನೇಲಿ ಇಪ್ಪತ್ತು ಜನ ಊಟಕ್ಕೆ ಕೂತ್ರೂ ಒಂದು ಚಮಚ ಉಳಿಸಿದವಳಲ್ಲ ನಾನು. ನೆಂಟರು ಬಂದ್ರೆ ಅಳತೆ ತಪ್ಪೋಕೆ ನಾನೇನು ನಿನ್ನೆ ಮೊನ್ನೆ ಕತ್ತರಿ ಹಿಡಿದೋಳಾ? ನೆಂಟರೂ ಇಲ್ಲ, ಗಿಂಟರೂ ಇಲ್ಲ."

"ಅಯ್ಯೋ ನಿನ್ನ ಬಾಯಿಗಿಷ್ಟು!" ಎಂದು ತಾಯಿ ಹಣೆ ಚಚ್ಚಿಕೊಂಡಳು.

ಬಿಚ್ಚುತ್ತಿದ್ದ ಕಾಗದ ನಿಂತಿತು. "ಹಾಗಾದ್ರೆ ಅರ್ಥವಾಗ್ತಿಲ್ಲ," ಎಂದಳು ಮೇಡಂ. "ಮೂರು ವಾರ ಊರಿಗೇ ಮಾದರಿ. ಅದೇ ಮನೆ, ಅದೇ ನಾಲ್ಕು ಜನ, ಅಡುಗೆ ಮಾಡೋ ಕೈಯೂ ಅದೇ. ಇದ್ದಕ್ಕಿದ್ದ ಹಾಗೆ ಎಲ್ಲಾ ತಲೆಕೆಳಗಾಗಿದೆ. ಅಂಥಾದ್ದು ಏನಾಯ್ತು ಸರ್ ಈ ವಾರ?"

ತಂಪಣ್ಣ ಹೆಂಡತಿಯನ್ನು ನೋಡಿದ. ಅವಳು ಅಳತೆಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಾಗಿಲಲ್ಲಿ ಕಿಕ್ಕಿರಿದ ತನ್ನ ಗಿರಾಕಿಗಳನ್ನು ನೋಡಿದ, ತನ್ನ ದಂತಕಥೆಯನ್ನು ಬಿಟ್ಟೂ ಬಿಡದೆ ಇಪ್ಪತ್ತು ವರ್ಷ ಹೊತ್ತು ತಿರುಗಿದವರು. ಕೊನೆಗೆ ಮೂಲೆಯಲ್ಲಿ ಸದ್ದಿಲ್ಲದೆ ಓಡುತ್ತಿದ್ದ ಫ್ರಿಜ್ಜನ್ನು ನೋಡಿದ. ಏನೇ ಅನ್ನಿ, ಕೆಲಸ ಮಾತ್ರ ಅಪ್ಪಟವಾಗಿತ್ತು. ಎದೆ ಸೆಟೆಸಿ ನಿಂತ.

"ಏನಿಲ್ಲ ಮೇಡಂ," ಎಂದ. "ಫ್ರಿಜ್ಜು ರಿಪೇರಿ ಮಾಡಿದೆ."